ಕ್ಯಾರೊಲಿನ್ ಅರ್ಲ್ ವೈಟ್

ಕ್ಯಾರೊಲಿನ್ ಅರ್ಲ್ ವೈಟ್ (28 ಸೆಪ್ಟೆಂಬರ್ 1833 – 7 ಸೆಪ್ಟೆಂಬರ್ 1916) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಾಣಿದಯಾ ಚಳವಳಿಯ ಮೊದಲ ತಲೆಮಾರಿನ ನಾಯಕಿ, ಸಂಘಟಕಿ ಹಾಗೂ ಲೇಖಕಿ. ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ 1867ರಲ್ಲಿ ಪ್ರಾಣಿ ಹಿಂಸಾ ನಿವಾರಣ ಸಂಘದ ಸ್ಥಾಪನೆಗೆ ಶ್ರಮಿಸಿದವರಲ್ಲಿ ಇವರು ಪ್ರಮುಖರು. 1869ರಲ್ಲಿ ಆ ಸಂಘದ ಮಹಿಳಾ ಶಾಖೆಯನ್ನು ಕಟ್ಟಿ, ಅದರ ಮೂಲಕ ವಾರಸುದಾರರಿಲ್ಲದ ನಾಯಿಗಳಿಗೆ ಆಶ್ರಯಧಾಮವನ್ನು ಆರಂಭಿಸಿದರು. ಬೀದಿಯಿಂದ ಹಿಡಿದು ತಂದ ಪ್ರಾಣಿಗೆ ಅನ್ನ, ನೀರು ಮತ್ತು ನೆರಳು ಕೊಟ್ಟು, ಒಡೆಯ ಬರುವವರೆಗೆ ಕಾದು, ಆತ ಬಾರದಿದ್ದರೆ ಹೊಸ ಮನೆಯನ್ನು ಹುಡುಕುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದು ಇಂತಹ ಆಶ್ರಯಧಾಮಗಳಿಂದ. ಆಶ್ರಯಧಾಮಕ್ಕೆ ಬಂದ ಪ್ರಾಣಿಗಳನ್ನು ವೈದ್ಯಕೀಯ ಪ್ರಯೋಗಗಳಿಗೆ ಒಪ್ಪಿಸಲು ನಿರಾಕರಿಸಿದ ಇವರು 1883ರಲ್ಲಿ ಅಮೆರಿಕನ್ ಆ್ಯಂಟಿ-ವಿವಿಸೆಕ್ಷನ್ ಸೊಸೈಟಿಯ ಸ್ಥಾಪನೆಗೂ ಕಾರಣರಾದರು.

ಜನನ ಮತ್ತು ಕುಟುಂಬ

ಕ್ಯಾರೊಲಿನ್ ಫಿಲಡೆಲ್ಫಿಯಾದ ಕ್ವೇಕರ್ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಥಾಮಸ್ ಅರ್ಲ್ ಮ್ಯಾಸಚೂಸೆಟ್ಸ್ ಮೂಲದವರಾಗಿದ್ದು, ಫಿಲಡೆಲ್ಫಿಯಾದಲ್ಲಿ ನೆಲೆಸಿ ವಕೀಲರಾಗಿ ಹೆಸರು ಮಾಡಿದ್ದರು. ತಾಯಿ ಮೇರಿ ಹಸ್ಸಿ ನ್ಯಾಂಟಕೆಟ್ ದ್ವೀಪದ ಮನೆತನದವರು. ಗುಲಾಮಗಿರಿ ವಿರೋಧಿ ಹೋರಾಟಗಾರ್ತಿ ಹಾಗೂ ಮಹಿಳಾ ಹಕ್ಕುಗಳ ಪ್ರತಿಪಾದಕಿಯಾದ ಲುಕ್ರೀಷಿಯಾ ಮಾಟ್ ಇವರ ಬಂಧು.

ಥಾಮಸ್ ಅರ್ಲ್ ಅವರು ಗುಲಾಮಗಿರಿಯ ಕಟ್ಟಾ ವಿರೋಧಿಯಾಗಿದ್ದರು. 1837–38ರಲ್ಲಿ ಪೆನ್ಸಿಲ್ವೇನಿಯಾದ ಸಂವಿಧಾನವನ್ನು ಪರಿಷ್ಕರಿಸಲು ಸೇರಿದ್ದ ಸಮಾವೇಶದಲ್ಲಿ ಅವರು ಕಪ್ಪು ಜನರ ಮತದಾನದ ಹಕ್ಕಿನ ಪರವಾಗಿ ವಾದಿಸಿದರು. ಆ ವಾದಕ್ಕೆ ಸೋಲಾಯಿತು. ಹೊಸ ಸಂವಿಧಾನವು ಮತದಾನವನ್ನು ಬಿಳಿಯ ಪುರುಷರಿಗೆ ಸೀಮಿತಗೊಳಿಸಿತು. 1840ರ ಚುನಾವಣೆಯಲ್ಲಿ ಗುಲಾಮಗಿರಿ ವಿರೋಧಿ ಲಿಬರ್ಟಿ ಪಕ್ಷವು ಜೇಮ್ಸ್ ಜಿ. ಬರ್ನಿ ಅವರನ್ನು ಅಧ್ಯಕ್ಷ ಸ್ಥಾನಕ್ಕೂ ಥಾಮಸ್ ಅರ್ಲ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೂ ಅಭ್ಯರ್ಥಿಗಳನ್ನಾಗಿ ನಿಲ್ಲಿಸಿತು. ಇವರಿಗೆ ದೊರೆತ ಮತಗಳು ಅತ್ಯಲ್ಪ. ಆಗ ಕ್ಯಾರೊಲಿನ್‌ಗೆ ಏಳು ವರ್ಷ. ಸೋಲು ಖಚಿತವೆಂದು ತಿಳಿದೂ ದನಿಯಿಲ್ಲದವರ ಪರವಾಗಿ ನಿಲ್ಲುವುದನ್ನು ಅವರು ಮನೆಯಲ್ಲಿಯೇ ಕಂಡು ಬೆಳೆದರು. ಥಾಮಸ್ ಅರ್ಲ್ 1849ರಲ್ಲಿ ನಿಧನರಾದರು.

ಬಾಲ್ಯ ಮತ್ತು ಶಿಕ್ಷಣ

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನಗರಗಳು ಪ್ರಾಣಿಗಳ ದುಡಿಮೆಯ ಮೇಲೆ ನಿಂತಿದ್ದವು. ಸರಕು ಸಾಗಣೆಗೂ ಜನರ ಓಡಾಟಕ್ಕೂ ಕುದುರೆ ಮತ್ತು ಹೇಸರಗತ್ತೆಗಳೇ ಆಧಾರವಾಗಿದ್ದವು. ಏರುದಾರಿಯಲ್ಲಿ ಮಿತಿಮೀರಿದ ಹೊರೆ ಎಳೆಯಲಾರದೆ ನಿಂತ ಪ್ರಾಣಿಗಳನ್ನು ಗಾಡಿಯವರು ನಡುಬೀದಿಯಲ್ಲಿ ಹೊಡೆಯುವುದು ದಿನನಿತ್ಯದ ನೋಟವಾಗಿತ್ತು. ಬಾಲ್ಯದಲ್ಲಿ ಕಂಡ ಈ ದೃಶ್ಯಗಳು ಕ್ಯಾರೊಲಿನ್ ಅವರ ಮನಸ್ಸಿನಲ್ಲಿ ಆಳವಾಗಿ ಉಳಿದವು.

ಕ್ವೇಕರ್ ಪಂಥದವರು ಹೆಣ್ಣುಮಕ್ಕಳ ವಿದ್ಯೆಗೆ ಮಹತ್ವ ಕೊಡುತ್ತಿದ್ದುದರಿಂದ ಕ್ಯಾರೊಲಿನ್‌ಗೆ ಆ ಕಾಲದ ಅನೇಕ ಹುಡುಗಿಯರಿಗೆ ದೊರೆಯದಂತಹ ಶಿಕ್ಷಣ ದೊರೆಯಿತು. ಲ್ಯಾಟಿನ್ ಜೊತೆಗೆ ಯೂರೋಪಿನ ಹಲವು ಭಾಷೆಗಳನ್ನು ಕಲಿತರು. ಖಗೋಳಶಾಸ್ತ್ರದಲ್ಲಿಯೂ ಆಸಕ್ತಿ ಬೆಳೆಸಿಕೊಂಡರು.

ವಿವಾಹ

1854ರಲ್ಲಿ ಕ್ಯಾರೊಲಿನ್ ಅವರು ಫಿಲಡೆಲ್ಫಿಯಾದ ವಕೀಲ ರಿಚರ್ಡ್ ಪಿ. ವೈಟ್ ಅವರನ್ನು ವಿವಾಹವಾದರು. ರಿಚರ್ಡ್ ಐರಿಷ್ ಮೂಲದ ಕ್ಯಾಥೊಲಿಕ್ ಕ್ರೈಸ್ತರು. ಎರಡು ವರ್ಷಗಳ ನಂತರ ಕ್ಯಾರೊಲಿನ್ ಸಹ ಕ್ಯಾಥೊಲಿಕ್ ಧರ್ಮವನ್ನು ಸ್ವೀಕರಿಸಿದರು. ಇಂಗ್ಲೆಂಡಿನಲ್ಲಿ 1824ರಿಂದಲೇ ಪ್ರಾಣಿ ಹಿಂಸೆಯನ್ನು ತಡೆಯಲು ಸಂಘವೊಂದು ಕೆಲಸ ಮಾಡುತ್ತಿರುವ ಸಂಗತಿ ಅವರಿಗೆ ತಿಳಿದದ್ದು ಪತಿಯಿಂದ. ಅಮೆರಿಕದಲ್ಲಿ ಅಂತಹ ಸಂಘ ಆಗ ಇರಲಿಲ್ಲ.

ಪೆನ್ಸಿಲ್ವೇನಿಯಾ ಸಂಘದ ಸ್ಥಾಪನೆ

ಅಂತರ್ಯುದ್ಧ ಮುಗಿದ ಮರುವರ್ಷ, 1866ರ ಏಪ್ರಿಲ್‌ನಲ್ಲಿ, ಹೆನ್ರಿ ಬರ್ಗ್ ಅವರು ನ್ಯೂಯಾರ್ಕ್‌ನಲ್ಲಿ ಅಮೆರಿಕದ ಮೊದಲ ಪ್ರಾಣಿ ಹಿಂಸಾ ನಿವಾರಣ ಸಂಘವನ್ನು ಸ್ಥಾಪಿಸಿದರು. ಈ ಸುದ್ದಿ ತಿಳಿದ ಕ್ಯಾರೊಲಿನ್ ನ್ಯೂಯಾರ್ಕ್‌ಗೆ ಹೋಗಿ ಬರ್ಗ್ ಅವರನ್ನು ಕಂಡು, ಫಿಲಡೆಲ್ಫಿಯಾದಲ್ಲಿ ಅಂತಹ ಸಂಘವನ್ನು ಕಟ್ಟುವ ಬಗೆಯನ್ನು ವಿಚಾರಿಸಿದರು. ಮೊದಲು ನಗರದ ಗಣ್ಯರ ಸಹಿ ಸಂಗ್ರಹಿಸಿ ಬೆಂಬಲ ಗಳಿಸುವಂತೆ ಬರ್ಗ್ ಸಲಹೆ ನೀಡಿದರು. ಅದರಂತೆ ಅವರು ಮನೆಯಿಂದ ಮನೆಗೆ ಹೋಗಿ ಸಹಿ ಸಂಗ್ರಹಿಸಿದರು.

ಅದೇ ಸಮಯಕ್ಕೆ ಫಿಲಡೆಲ್ಫಿಯಾದ ಎಂ. ರಿಚರ್ಡ್ಸ್ ಮಕಲ್ ಮತ್ತು ಎಸ್. ಮಾರಿಸ್ ವಾಲ್ನ್ ಅವರೂ ಇದೇ ಉದ್ದೇಶಕ್ಕೆ ಪ್ರಯತ್ನ ಆರಂಭಿಸಿದ್ದರು. ಎಲ್ಲರ ಪ್ರಯತ್ನ ಒಂದುಗೂಡಿ 1867ರಲ್ಲಿ ಪೆನ್ಸಿಲ್ವೇನಿಯಾ ಪ್ರಾಣಿ ಹಿಂಸಾ ನಿವಾರಣ ಸಂಘ ಅಸ್ತಿತ್ವಕ್ಕೆ ಬಂದಿತು. ಆದರೆ ಸಂಘದ ಆಡಳಿತ ಮಂಡಳಿಯಲ್ಲಿ ಸ್ತ್ರೀಯರಿಗೆ ಸ್ಥಾನವಿರಲಿಲ್ಲ. ಸಂಘಕ್ಕಾಗಿ ಸಹಿ ಸಂಗ್ರಹಿಸಿ ನೆಲ ಹದಮಾಡಿದ ಕ್ಯಾರೊಲಿನ್ ಅವರು ಅದರ ನಿರ್ಧಾರಗಳಿಂದ ಹೊರಗುಳಿಯಬೇಕಾಯಿತು.

ಮಹಿಳಾ ಶಾಖೆ

ಎರಡು ವರ್ಷಗಳ ನಂತರ, ಪ್ರಾಣಿಗಳ ಕೆಲಸದಲ್ಲಿ ಆಸಕ್ತಿಯಿದ್ದ ಸ್ತ್ರೀಯರಿಗಾಗಿ ಪ್ರತ್ಯೇಕ ಶಾಖೆಯನ್ನು ತೆರೆಯುವ ಸಲಹೆ ಸಂಘದ ಒಳಗಿನಿಂದಲೇ ಬಂದಿತು. 14 ಏಪ್ರಿಲ್ 1869ರಂದು ಮಹಿಳಾ ಶಾಖೆ ಆರಂಭವಾಗಿ, ಕ್ಯಾರೊಲಿನ್ ಅದರ ಅಧ್ಯಕ್ಷೆಯಾದರು. ಮುಂದೆ ಈ ಶಾಖೆಯು ಮೂಲ ಸಂಘದಿಂದ ಬೇರ್ಪಟ್ಟು ಸ್ವತಂತ್ರ ಸಂಸ್ಥೆಯಾಯಿತು. ನಂತರ ಇದು ವಿಮೆನ್ಸ್ ಹ್ಯೂಮೇನ್ ಸೊಸೈಟಿ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು.

ಶಾಖೆಯು ಸಂಬಳದ ತನಿಖಾಧಿಕಾರಿಗಳನ್ನು ನೇಮಿಸಿಕೊಂಡು, ಪ್ರಾಣಿಗಳನ್ನು ಹಿಂಸಿಸುವವರ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು. ಕುದುರೆ ಎಳೆಯುವ ಸಾರ್ವಜನಿಕ ಗಾಡಿಗಳಲ್ಲಿ ಮಿತಿಮೀರಿ ಜನರನ್ನು ತುಂಬುವುದನ್ನು ವಿರೋಧಿಸಿತು. ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಗುಂಡಿಕ್ಕುವ ಪಂದ್ಯಗಳ ವಿರುದ್ಧ ಹೋರಾಡಿತು. ಮಕ್ಕಳಲ್ಲಿ ಪ್ರಾಣಿದಯೆಯನ್ನು ಬೆಳೆಸುವ ಶಿಕ್ಷಣಕ್ಕೂ ಗಮನ ನೀಡಿತು. ಈ ಕ್ಷೇತ್ರದಲ್ಲಿ ಮೇರಿ ಎಫ್. ಲೊವೆಲ್ ಅವರು ಕ್ಯಾರೊಲಿನ್ ಅವರ ಮುಖ್ಯ ಸಹವರ್ತಿಯಾಗಿದ್ದರು. ಇವೆಲ್ಲಕ್ಕಿಂತ ಹೆಚ್ಚಾಗಿ ಶಾಖೆಗೆ ಹೆಸರು ತಂದದ್ದು ನಾಯಿಗಳ ಆಶ್ರಯಧಾಮ.

ನಾಯಿಗಳ ಆಶ್ರಯಧಾಮ

ಆ ಕಾಲದಲ್ಲಿ ಹುಚ್ಚುನಾಯಿ ಕಡಿತವೆಂದರೆ ಸಾವು ಎಂದೇ ಅರ್ಥ. ಲೂಯಿ ಪಾಶ್ಚರ್ ಅವರು ರೇಬೀಸ್ ಲಸಿಕೆಯನ್ನು ಮನುಷ್ಯರಿಗೆ ಮೊದಲು ನೀಡಿದ್ದು 1885ರಲ್ಲಿ. ಹೀಗಾಗಿ ಬೇಸಗೆ ಬಂತೆಂದರೆ ನಗರಾಡಳಿತಗಳು ಬೀದಿನಾಯಿಗಳನ್ನು ಹಿಡಿಸಿ ಕೊಲ್ಲಿಸುತ್ತಿದ್ದವು. ಫಿಲಡೆಲ್ಫಿಯಾದಲ್ಲಿ ನಾಯಿ ಹಿಡಿಯುವವರು ಹಗ್ಗದ ಕುಣಿಕೆಯನ್ನು ಕೊರಳಿಗೆ ಎಸೆದು, ನಾಯಿಯನ್ನು ಬೀದಿಯುದ್ದಕ್ಕೂ ಎಳೆದೊಯ್ಯುತ್ತಿದ್ದರು. ದೊಡ್ಡಿಗೆ ಸೇರಿದ ನಾಯಿಗೆ ಸರಿಯಾದ ಆಹಾರವಾಗಲಿ ನೀರಾಗಲಿ ಸಿಗುತ್ತಿರಲಿಲ್ಲ. ಒಡೆಯ ಬಂದು ಬಿಡಿಸಿಕೊಳ್ಳದ ನಾಯಿಗಳನ್ನು ಕ್ರೂರವಾಗಿ ಕೊಲ್ಲಲಾಗುತ್ತಿತ್ತು.

ನಗರದಲ್ಲಿ ನಾಯಿಗಳನ್ನು ಹಿಡಿಯಬಾರದೆಂದು ಕ್ಯಾರೊಲಿನ್ ವಾದಿಸಲಿಲ್ಲ. ಹಿಡಿಯುವ, ಇರಿಸಿಕೊಳ್ಳುವ ಮತ್ತು ಕೊನೆಗಾಣಿಸುವ ಕೆಲಸವನ್ನು ತಮ್ಮ ಶಾಖೆಗೆ ಒಪ್ಪಿಸಬೇಕೆಂದು ನಗರಾಡಳಿತವನ್ನು ಕೇಳಿದರು. ಮನವಿಗೆ ಒಪ್ಪಿಗೆ ದೊರೆತು, 1870ರ ಸುಮಾರಿಗೆ ಮಹಿಳಾ ಶಾಖೆಯ ಆಶ್ರಯಧಾಮ ಕೆಲಸ ಆರಂಭಿಸಿತು. ನಗರವೊಂದರ ನಾಯಿದೊಡ್ಡಿಯ ಹೊಣೆಯನ್ನು ದಯಾಸಂಘವೊಂದು ವಹಿಸಿಕೊಂಡ ಅಮೆರಿಕದ ಆರಂಭದ ಉದಾಹರಣೆ ಇದು.

ಇಲ್ಲಿನ ವ್ಯವಸ್ಥೆ ಹಳೆಯ ದೊಡ್ಡಿಗಿಂತ ಭಿನ್ನವಾಗಿತ್ತು. ಕುಣಿಕೆಯ ಬದಲು ಬಲೆಯನ್ನು ಬಳಸಲಾಯಿತು. ತಂದ ನಾಯಿಗಳಿಗೆ ಹೊಟ್ಟೆ ತುಂಬ ಆಹಾರ, ಶುದ್ಧ ನೀರು ಮತ್ತು ಮಲಗಲು ಜಾಗ ದೊರೆಯಿತು. ಕಳೆದುಹೋದ ನಾಯಿಯನ್ನು ಹುಡುಕಿ ಬರುವ ಒಡೆಯನಿಗಾಗಿ ಕಾಯಲಾಗುತ್ತಿತ್ತು. ಯಾರೂ ಬಾರದ, ಆರೋಗ್ಯವಾಗಿರುವ, ಸೌಮ್ಯ ಸ್ವಭಾವದ ನಾಯಿಗಳನ್ನು ಚೆನ್ನಾಗಿ ಸಾಕಬಲ್ಲವರಿಗೆ ಕೊಡಲಾಗುತ್ತಿತ್ತು. ಇಂದು ಆಶ್ರಯಧಾಮದಿಂದ ಸಾಕುಪ್ರಾಣಿಯನ್ನು ದತ್ತು ಪಡೆಯುವುದು ಎಂದು ಕರೆಯುವ ಪದ್ಧತಿಯ ಆರಂಭದ ರೂಪ ಇದಾಗಿದೆ.

ಬಂದ ನಾಯಿಗಳ ಸಂಖ್ಯೆಗೆ ಹೋಲಿಸಿದರೆ ಅವುಗಳನ್ನು ಮನೆಗೆ ಒಯ್ಯಲು ಮುಂದೆ ಬಂದವರು ಬಹಳ ಕಡಿಮೆ. ಮಿಶ್ರತಳಿಯ ಬೀದಿನಾಯಿಯನ್ನು ಹಣ ಕೊಟ್ಟಾಗಲಿ ಉಚಿತವಾಗಿಯಾಗಲಿ ಪಡೆದು ಸಾಕುವ ರೂಢಿ ಸಮಾಜದಲ್ಲಿ ಇನ್ನೂ ಬೆಳೆದಿರಲಿಲ್ಲ. ಆದ್ದರಿಂದ ಬಹುಪಾಲು ನಾಯಿಗಳ ಬದುಕು ಆಶ್ರಯಧಾಮದಲ್ಲಿಯೇ ಕೊನೆಗೊಳ್ಳುತ್ತಿತ್ತು. ಹೊಡೆದು ಸಾಯಿಸುವ ಬದಲು ಮುಚ್ಚಿದ ಕೋಣೆಯಲ್ಲಿ ಅನಿಲವನ್ನು ಹಾಯಿಸಿ ಕೊನೆಗಾಣಿಸುವ ವಿಧಾನವನ್ನು ಶಾಖೆ ಅನುಸರಿಸಿತು. ಆ ಕಾಲಕ್ಕೆ ಇದನ್ನು ನೋವು ಕಡಿಮೆ ಮಾಡುವ ಸುಧಾರಣೆಯೆಂದು ಪರಿಗಣಿಸಲಾಗಿತ್ತು. ಆಶ್ರಯಧಾಮಕ್ಕೆ ಬಂದ ಪ್ರಾಣಿಗೆ ಎರಡೇ ದಾರಿಗಳಿರಬೇಕು, ಒಂದೋ ಒಳ್ಳೆಯ ಮನೆ, ಇಲ್ಲವೇ ಹಿಂಸೆಯಿಲ್ಲದ ಸಾವು ಎಂಬುದು ಕ್ಯಾರೊಲಿನ್ ಅವರ ನಿಲುವಾಗಿತ್ತು.

ಇದೇ ನಗರದಲ್ಲಿ ಎಲಿಜಬೆತ್ ಮಾರಿಸ್ ಅವರು 1874ರಲ್ಲಿ ಮತ್ತೊಂದು ಆಶ್ರಯಧಾಮವನ್ನು ಆರಂಭಿಸಿದರು. ಮಾರಿಸ್ ಅನಿಮಲ್ ರೆಫ್ಯೂಜ್ ಎಂಬ ಹೆಸರಿನ ಆ ಸಂಸ್ಥೆಯೂ ದೇಶದ ಮೊದಲ ಪ್ರಾಣಿ ಆಶ್ರಯಧಾಮವೆಂಬ ಗೌರವಕ್ಕೆ ಹೆಸರಾಗಿದೆ. ಹೀಗೆ ಅಮೆರಿಕದ ಆಶ್ರಯಧಾಮಗಳ ಆರಂಭದ ಇತಿಹಾಸ ಬಹುಮಟ್ಟಿಗೆ ಫಿಲಡೆಲ್ಫಿಯಾದ ಸ್ತ್ರೀಯರ ಇತಿಹಾಸವೇ ಆಗಿದೆ.

ವೈದ್ಯರ ಬೇಡಿಕೆ ಮತ್ತು ನಿರಾಕರಣೆ

ಫಿಲಡೆಲ್ಫಿಯಾ ಆಗ ಅಮೆರಿಕದ ವೈದ್ಯಕೀಯ ವಿದ್ಯೆಯ ಮುಖ್ಯ ಕೇಂದ್ರಗಳಲ್ಲಿ ಒಂದು. ದೇಹದ ಕ್ರಿಯೆಗಳನ್ನು ತಿಳಿಯಲು ಜೀವಂತ ಪ್ರಾಣಿಗಳನ್ನು ಕೊಯ್ದು ನೋಡುವ ಪ್ರಯೋಗಗಳು ಯೂರೋಪಿನಂತೆ ಇಲ್ಲಿಯೂ ಹೆಚ್ಚುತ್ತಿದ್ದವು. ಅಂತಹ ಪ್ರಯೋಗಗಳಿಗೆ ನಾಯಿಗಳು ಬೇಕಾಗಿದ್ದವು. ಮಹಿಳಾ ಶಾಖೆಯ ಆಶ್ರಯಧಾಮದಲ್ಲಿ ಯಾರಿಗೂ ಬೇಡವಾದ ನಾಯಿಗಳು ಇದ್ದವು.

1871ರಲ್ಲಿ ನಗರದ ಪ್ರಸಿದ್ಧ ನರರೋಗ ತಜ್ಞ ಸೈಲಸ್ ವಿಯರ್ ಮಿಚೆಲ್ ಅವರು ಪ್ರಯೋಗಗಳಿಗಾಗಿ ಆಶ್ರಯಧಾಮದ ನಾಯಿಗಳನ್ನು ಕೊಡುವಂತೆ ಕೇಳಿದರು. ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನರಗಳ ಅಧ್ಯಯನದಿಂದ ಖ್ಯಾತರಾಗಿದ್ದ ಅವರ ಮಾತಿಗೆ ನಗರದಲ್ಲಿ ದೊಡ್ಡ ತೂಕವಿತ್ತು. ಹೇಗೂ ಸಾಯಲಿರುವ ಪ್ರಾಣಿಗಳಿಂದ ವಿಜ್ಞಾನಕ್ಕಾದರೂ ಉಪಯೋಗವಾಗಲಿ ಎಂಬ ತರ್ಕ ಮೇಲ್ನೋಟಕ್ಕೆ ಸರಳವಾಗಿತ್ತು. ಶಾಖೆಯೇ ಅನೇಕ ನಾಯಿಗಳನ್ನು ಕೊನೆಗಾಣಿಸುತ್ತಿದ್ದುದರಿಂದ ಈ ತರ್ಕವನ್ನು ಸುಲಭವಾಗಿ ತಳ್ಳಿಹಾಕುವಂತೆಯೂ ಇರಲಿಲ್ಲ.

ಮಹಿಳಾ ಶಾಖೆ ಬೇಡಿಕೆಯನ್ನು ನಿರಾಕರಿಸಿತು. ಹಿಂಸೆಯಿಂದ ಕಾಪಾಡುವ ಸಲುವಾಗಿ ತಂದ ಪ್ರಾಣಿಯನ್ನು ಹಿಂಸೆಯ ಕೈಗೆ ಒಪ್ಪಿಸುವುದು ನಂಬಿಕೆದ್ರೋಹವೆಂಬುದು ಕ್ಯಾರೊಲಿನ್ ಅವರ ಅಭಿಪ್ರಾಯವಾಗಿತ್ತು. ಇದರ ಹಿಂದೆ ವ್ಯಾವಹಾರಿಕ ಕಾರಣವೂ ಇತ್ತು. ಆಶ್ರಯಧಾಮದ ಹಿಂಬಾಗಿಲು ಪ್ರಯೋಗಾಲಯಕ್ಕೆ ತೆರೆದಿದೆಯೆಂದು ತಿಳಿದರೆ, ಸಾಕಲಾಗದ ಪ್ರಾಣಿಯನ್ನು ಜನ ಅಲ್ಲಿಗೆ ತಂದೊಪ್ಪಿಸುವುದನ್ನೇ ನಿಲ್ಲಿಸುವ ಅಪಾಯವಿತ್ತು. ಈ ನಿರಾಕರಣೆಯಿಂದ ಆಶ್ರಯಧಾಮ ಎಂಬ ಕಲ್ಪನೆಗೆ ಒಂದು ಗಡಿ ಏರ್ಪಟ್ಟಿತು. ಜೊತೆಗೆ ಫಿಲಡೆಲ್ಫಿಯಾದ ವೈದ್ಯ ಸಮುದಾಯ ಮತ್ತು ಮಹಿಳಾ ಶಾಖೆಯ ನಡುವೆ ದಶಕಗಳ ಕಾಲ ಮುಂದುವರಿದ ಸಂಘರ್ಷವೂ ಆರಂಭವಾಯಿತು.

ಇಪ್ಪತ್ತೆಂಟು ಗಂಟೆಗಳ ಕಾನೂನು

ರೈಲುಮಾರ್ಗಗಳು ಬೆಳೆದಂತೆ ಪಶ್ಚಿಮದ ಹುಲ್ಲುಗಾವಲುಗಳಿಂದ ಪೂರ್ವದ ನಗರಗಳ ಕಸಾಯಿಖಾನೆಗಳಿಗೆ ದನ, ಕುರಿ ಮತ್ತು ಹಂದಿಗಳನ್ನು ಸಾಗಿಸುವ ವ್ಯಾಪಾರ ಹೆಚ್ಚಿತು. ದಿನಗಟ್ಟಲೆ ನೀರು, ಮೇವು ಇಲ್ಲದೆ ಕಿಕ್ಕಿರಿದ ಬಂಡಿಗಳಲ್ಲಿ ನಿಂತೇ ಬರುತ್ತಿದ್ದ ಪ್ರಾಣಿಗಳಲ್ಲಿ ಅನೇಕವು ದಾರಿಯಲ್ಲಿಯೇ ಸಾಯುತ್ತಿದ್ದವು. ಇದನ್ನು ತಡೆಯುವ ಕಾನೂನಿಗಾಗಿ ದೇಶದ ಪ್ರಾಣಿದಯಾ ಸಂಘಗಳು ನಡೆಸಿದ ಪ್ರಯತ್ನದಲ್ಲಿ ಕ್ಯಾರೊಲಿನ್ ಅವರ ಪಾತ್ರ ಮುಖ್ಯವಾಗಿತ್ತು. 1873ರಲ್ಲಿ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ ಕಾನೂನಿನ ಪ್ರಕಾರ, ಪ್ರಾಣಿಗಳನ್ನು ಸತತವಾಗಿ 28 ಗಂಟೆಗಳಿಗಿಂತ ಹೆಚ್ಚು ಕಾಲ ಬಂಡಿಗಳಲ್ಲಿ ಕೂಡಿಹಾಕುವಂತಿರಲಿಲ್ಲ. ಆ ಅವಧಿ ಮುಗಿಯುವುದರೊಳಗೆ ಅವುಗಳನ್ನು ಇಳಿಸಿ, ಕನಿಷ್ಠ ಐದು ಗಂಟೆಗಳ ವಿಶ್ರಾಂತಿ, ನೀರು ಮತ್ತು ಮೇವು ನೀಡಬೇಕಾಗಿತ್ತು.

ಕಾನೂನು ಬಂದರೂ ಅದರ ಜಾರಿ ದುರ್ಬಲವಾಗಿತ್ತು. ಪೆನ್ಸಿಲ್ವೇನಿಯಾದಲ್ಲಿ ಅದನ್ನು ಉಲ್ಲಂಘಿಸಿದ ರೈಲು ಕಂಪನಿಗಳ ವಿರುದ್ಧ ಮಹಿಳಾ ಶಾಖೆಯು ನ್ಯಾಯಾಲಯದ ಮೊರೆ ಹೋಯಿತು. 1906ರಲ್ಲಿ ಹಳೆಯ ಕಾನೂನಿನ ಸ್ಥಾನದಲ್ಲಿ ಹೊಸದು ಜಾರಿಗೆ ಬಂದಿತು. 28 ಗಂಟೆಗಳ ಮಿತಿ ಅದರಲ್ಲಿಯೂ ಉಳಿಯಿತು. ಈ ಎಲ್ಲ ಅವಧಿಯಲ್ಲಿ ಪೆನ್ಸಿಲ್ವೇನಿಯಾದ ಸ್ತ್ರೀಯರಿಗೆ ಮತದಾನದ ಹಕ್ಕು ಇರಲಿಲ್ಲ. ತಾವು ಆರಿಸಲಾಗದ ಪ್ರತಿನಿಧಿಗಳನ್ನು ಒಪ್ಪಿಸಿಯೇ ಕಾನೂನುಗಳನ್ನು ಪಡೆಯಬೇಕಾಗಿತ್ತು.

ಪ್ರಾಣಿ ಪ್ರಯೋಗಗಳ ವಿರುದ್ಧ ಹೋರಾಟ

ಬ್ರಿಟನ್ನಿನಲ್ಲಿ ಪ್ರಾಣಿ ಪ್ರಯೋಗಗಳ ವಿರುದ್ಧದ ಚಳವಳಿಯನ್ನು ಮುನ್ನಡೆಸಿದ್ದ ಫ್ರಾನ್ಸಿಸ್ ಪವರ್ ಕಾಬ್ ಅವರನ್ನು ಕ್ಯಾರೊಲಿನ್ ಲಂಡನ್ನಿನಲ್ಲಿ ಭೇಟಿಯಾದರು. ಬ್ರಿಟನ್ನಿನಲ್ಲಿ 1876ರಲ್ಲಿಯೇ ಇಂತಹ ಪ್ರಯೋಗಗಳನ್ನು ನಿಯಂತ್ರಿಸುವ ಕಾನೂನು ಬಂದಿತ್ತು. ಕಾಬ್ ಅವರ ಪ್ರೋತ್ಸಾಹದಿಂದ ಕ್ಯಾರೊಲಿನ್, ಮೇರಿ ಲೊವೆಲ್ ಮತ್ತು ಸಂಗಡಿಗರು 1883ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಆ್ಯಂಟಿ-ವಿವಿಸೆಕ್ಷನ್ ಸೊಸೈಟಿಯನ್ನು ಸ್ಥಾಪಿಸಿದರು. ಈ ಉದ್ದೇಶಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ಮೊದಲ ಸಂಸ್ಥೆ ಇದು. ಆರಂಭದ ದಿನಗಳಲ್ಲಿ ವೈದ್ಯರೂ ಇದರ ಜೊತೆಗಿದ್ದರು.

ಮೊದಲಿಗೆ ಸಂಸ್ಥೆಯು ಪ್ರಯೋಗಗಳ ನಿಯಂತ್ರಣವನ್ನಷ್ಟೇ ಕೋರಿತ್ತು. ಪೆನ್ಸಿಲ್ವೇನಿಯಾದ ಶಾಸನಸಭೆಯ ಮುಂದಿಟ್ಟ ಪ್ರಸ್ತಾವ ಬಿದ್ದುಹೋಯಿತು. ಕೆಲವು ವರ್ಷಗಳಲ್ಲಿಯೇ ಸಂಸ್ಥೆಯು ತನ್ನ ನಿಲುವನ್ನು ಬದಲಿಸಿ, ಜೀವಂತ ಪ್ರಾಣಿಗಳ ಮೇಲಿನ ಪ್ರಯೋಗಗಳ ಸಂಪೂರ್ಣ ನಿಷೇಧವನ್ನು ಗುರಿಯಾಗಿ ಇಟ್ಟುಕೊಂಡಿತು. ಆದರೆ 1890ರ ದಶಕದಲ್ಲಿ ಡಿಫ್ತೀರಿಯಾ ರೋಗಕ್ಕೆ ಪ್ರತಿವಿಷ ಚಿಕಿತ್ಸೆ ಲಭ್ಯವಾದ ಮೇಲೆ ಪ್ರಯೋಗಾಲಯಗಳ ಬಗೆಗಿನ ಸಾರ್ವಜನಿಕರ ಗೌರವ ಹೆಚ್ಚಿತು, ಚಳವಳಿಯ ಬಲ ಕುಗ್ಗಿತು. ಕ್ಯಾರೊಲಿನ್ ಅವರ ಜೀವಿತಾವಧಿಯಲ್ಲಿ ಅಮೆರಿಕದ ಪ್ರಯೋಗಾಲಯಗಳನ್ನು ನಿಯಂತ್ರಿಸುವ ಯಾವ ರಾಷ್ಟ್ರೀಯ ಕಾನೂನೂ ಬರಲಿಲ್ಲ.

ಬರವಣಿಗೆ

1892ರಲ್ಲಿ ಮಹಿಳಾ ಶಾಖೆ ಮತ್ತು ಆ್ಯಂಟಿ-ವಿವಿಸೆಕ್ಷನ್ ಸೊಸೈಟಿಗಳು ಸೇರಿ ಜರ್ನಲ್ ಆಫ್ ಜೂಫಿಲಿ ಎಂಬ ಪತ್ರಿಕೆಯನ್ನು ಆರಂಭಿಸಿದವು. ಪ್ರಾಣಿಪ್ರೀತಿ ಎಂಬ ಅರ್ಥದ ಹೆಸರುಳ್ಳ ಈ ಪತ್ರಿಕೆಗೆ ಕ್ಯಾರೊಲಿನ್ ಅವರು ವರ್ಷಗಳ ಕಾಲ ದುಡಿದರು. ಅವರು ಕಥೆ, ಕಾದಂಬರಿಗಳನ್ನೂ ಬರೆದಿದ್ದಾರೆ. ಲವ್ ಇನ್ ದ ಟ್ರಾಪಿಕ್ಸ್ (1890) ಮತ್ತು ಎ ಮಾಡರ್ನ್ ಅಗ್ರಿಪ್ಪ (1893) ಅವರ ಪ್ರಕಟಿತ ಕೃತಿಗಳಲ್ಲಿ ಸೇರಿವೆ.

ನಿಧನ

ಕ್ಯಾರೊಲಿನ್ ಅರ್ಲ್ ವೈಟ್ ಅವರು 7 ಸೆಪ್ಟೆಂಬರ್ 1916ರಂದು, ತಾಯಿಯ ಮನೆತನದ ನೆಲವಾದ ನ್ಯಾಂಟಕೆಟ್ ದ್ವೀಪದಲ್ಲಿ ನಿಧನರಾದರು. ಆಗ ಅವರಿಗೆ 82 ವರ್ಷ. ಅಮೆರಿಕದ ಸ್ತ್ರೀಯರಿಗೆ ಮತದಾನದ ಹಕ್ಕನ್ನು ನೀಡಿದ ಸಂವಿಧಾನ ತಿದ್ದುಪಡಿ ಜಾರಿಗೆ ಬಂದದ್ದು ನಾಲ್ಕು ವರ್ಷಗಳ ನಂತರ.

ಪ್ರಭಾವ

ಕ್ಯಾರೊಲಿನ್ ಸ್ಥಾಪನೆಯಲ್ಲಿ ಪಾಲ್ಗೊಂಡ ಮೂರು ಸಂಸ್ಥೆಗಳೂ ಅವರ ಮರಣದ ಅನಂತರ ಮುಂದುವರಿದವು. ವಿಮೆನ್ಸ್ ಹ್ಯೂಮೇನ್ ಸೊಸೈಟಿಯ ಪಶುವೈದ್ಯ ಸೇವೆಯೊಂದಿಗೆ ಅವರ ಹೆಸರು ಸೇರಿಕೊಂಡಿತು.

1871ರಲ್ಲಿ ಎದ್ದ ಪ್ರಶ್ನೆ ಅವರೊಂದಿಗೆ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದ ನಂತರ ವೈದ್ಯಕೀಯ ಸಂಶೋಧನೆ ವಿಸ್ತರಿಸಿದಾಗ, ವಾರಸುದಾರರಿಲ್ಲದ ಪ್ರಾಣಿಗಳನ್ನು ಪ್ರಯೋಗಾಲಯಗಳಿಗೆ ಒಪ್ಪಿಸಬೇಕೆಂಬ ಕಾನೂನುಗಳು ಅಮೆರಿಕದ ಕೆಲವು ರಾಜ್ಯಗಳಲ್ಲಿ ಬಂದವು. ನ್ಯೂಯಾರ್ಕ್ ರಾಜ್ಯವು 1952ರಲ್ಲಿ ಅಂತಹ ಕಾನೂನನ್ನು ಮಾಡಿ, 1979ರಲ್ಲಿ ರದ್ದುಗೊಳಿಸಿತು. 1965ರಲ್ಲಿ ಪೆನ್ಸಿಲ್ವೇನಿಯಾದ ಮನೆಯೊಂದರಿಂದ ಕಾಣೆಯಾದ ಪೆಪ್ಪರ್ ಎಂಬ ಡಾಲ್ಮೇಷಿಯನ್ ನಾಯಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರ ಪ್ರಯೋಗದಲ್ಲಿ ಸತ್ತ ಸುದ್ದಿ ದೇಶವ್ಯಾಪಿ ಆಕ್ರೋಶಕ್ಕೆ ಕಾರಣವಾಯಿತು. ಮರುವರ್ಷ, 1966ರಲ್ಲಿ, ಪ್ರಯೋಗಾಲಯಗಳ ಪ್ರಾಣಿಗಳಿಗೆ ಸಂಬಂಧಿಸಿದ ಮೊದಲ ರಾಷ್ಟ್ರೀಯ ಕಾನೂನು ಅಮೆರಿಕದಲ್ಲಿ ಅಂಗೀಕಾರವಾಯಿತು.

ಪ್ರಾಣಿಗಳನ್ನು ಆಶ್ರಯಧಾಮದಿಂದ ದತ್ತು ಪಡೆಯುವ ರೂಢಿ ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆಗಳು ಮತ್ತು ದತ್ತು ಪಡೆಯುವವರ ಹೆಚ್ಚಳದಿಂದಾಗಿ, ಕ್ಯಾರೊಲಿನ್ ಅವರ ಕಾಲದಲ್ಲಿ ಅನಿವಾರ್ಯವೆನಿಸಿದ್ದ ಸಾವುಗಳು ಬಹಳಷ್ಟು ಕಡಿಮೆಯಾದವು. ಅವರು ಒಪ್ಪಿಕೊಂಡಿದ್ದ ಎರಡು ದಾರಿಗಳಲ್ಲಿ ಎರಡನೆಯದನ್ನು, ಆರೋಗ್ಯವಂತ ಪ್ರಾಣಿಗಳ ಮಟ್ಟಿಗೆ, ಸಂಪೂರ್ಣವಾಗಿ ಕೈಬಿಡಬೇಕೆಂದು ಇಂದಿನ ಅನೇಕ ಆಶ್ರಯಧಾಮಗಳು ಶ್ರಮಿಸುತ್ತಿವೆ. ಮೊದಲನೆಯ ದಾರಿ ಮಾತ್ರ ಬದಲಾಗಿಲ್ಲ. ಒಡೆಯನಿಲ್ಲದ ಪ್ರಾಣಿಗೆ ಮನೆ ಹುಡುಕುವುದೇ ಈ ಸಂಸ್ಥೆಗಳ ಮುಖ್ಯ ಕೆಲಸವಾಗಿ ಉಳಿದಿದೆ.